ನಕ್ಷತ್ರದ ಮಸಿಗೆ ವಯಸ್ಸೆಷ್ಟು

ನಮ್ಮ ಮಾಡೆಲ್‌ನಲ್ಲಿ ಒಂದು ಸಂಖ್ಯೆ ಇತ್ತು. ಅದನ್ನು ಬರೆದವಳು ನಾನೇ. ಕೋಡ್‌ನ ನಡುವೆ ಎಲ್ಲೋ ಒಂದು ಸಾಲಿನಲ್ಲಿ, ಸಮಚಿಹ್ನೆಯ ಪಕ್ಕ, 0.4 ಎಂದು. ಮೂರು ವರ್ಷ ಯಾರೂ ಅದರ ಬಗ್ಗೆ ಕೇಳಲಿಲ್ಲ. ನನಗೆ ಮಾತ್ರ ಆ ಸಾಲು ತೆರೆದಾಗಲೆಲ್ಲ ಸ್ವಲ್ಪ ಇರಿಸುಮುರಿಸು.

ಆಸ್ಟಿನ್‌ನ ಒಂದು ವಿಶ್ವವಿದ್ಯಾಲಯದಲ್ಲಿ ನಾನು ಸಂಶೋಧಕಿ. ಮುದಿ ನಕ್ಷತ್ರಗಳ ಸುತ್ತ ಧೂಳು ಹೇಗೆ ಹುಟ್ಟಿ ಬೆಳೆಯುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತೇನೆ. ಸೂರ್ಯನಂಥ ನಕ್ಷತ್ರಕ್ಕೆ ವಯಸ್ಸಾದಾಗ ಅದು ಉಬ್ಬುತ್ತದೆ, ಮೇಲ್ಮೈ ತಣ್ಣಗಾಗಿ ಕೆಂಪಾಗುತ್ತದೆ. ತಣ್ಣಗೆ ಅಂದರೂ ಎರಡೂವರೆ, ಮೂರು ಸಾವಿರ ಡಿಗ್ರಿ. ಅದು ಸುಮ್ಮನೆ ಕೂರುವುದೂ ಇಲ್ಲ. ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ದೀರ್ಘವಾಗಿ ಉಸಿರೆಳೆದು ಬಿಟ್ಟಂತೆ ಮಿಡಿಯುತ್ತದೆ. ಪ್ರತಿ ಮಿಡಿತಕ್ಕೂ ಮೇಲಿನ ಅನಿಲ ಒಂದಿಷ್ಟು ಎತ್ತರಕ್ಕೆ ಚಿಮ್ಮುತ್ತದೆ. ಆ ಎತ್ತರದಲ್ಲಿ ಬಿಸಿ ಕಡಿಮೆ. ನಕ್ಷತ್ರದಲ್ಲಿ ಇಂಗಾಲ ಹೆಚ್ಚಿದ್ದರೆ ಅಲ್ಲಿ ಅಸಿಟಿಲಿನ್ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಕಪ್ಪು ಕಣಗಳಾಗುತ್ತವೆ. ಕಪ್ಪು ಕಣ ಬೆಳಕನ್ನು ಹೀರುತ್ತದೆ, ಬೆಳಕು ಅದನ್ನು ಹೊರಕ್ಕೆ ತಳ್ಳುತ್ತದೆ, ಓಡುವ ಕಣ ಸುತ್ತಲಿನ ಅನಿಲವನ್ನೂ ಎಳೆದುಕೊಂಡು ಹೋಗುತ್ತದೆ. ನಕ್ಷತ್ರದ ಗಾಳಿ ಅಂದರೆ ಇದೇ. ಆ ಗಾಳಿಯ ವೇಗವನ್ನು ರೇಡಿಯೋ ದೂರದರ್ಶಕದಿಂದ ಅಳೆಯಬಹುದು. ಲೆಕ್ಕದಿಂದ ಅದೇ ವೇಗ ಬರಬೇಕು.

ಕಣಕ್ಕೆ ಬಂದು ಬಡಿಯುವ ಹತ್ತು ಅಣುಗಳಲ್ಲಿ ಎಷ್ಟು ಅಂಟಿಕೊಳ್ಳುತ್ತವೆ ಎಂಬುದೇ ಆ ಸಂಖ್ಯೆ. ಹತ್ತೂ ಅಂಟುತ್ತವೆ ಎಂದರೆ ಕಣ ಬೇಗ ದಪ್ಪವಾಗಿ, ಗಾಳಿಯ ವೇಗ ಅಳತೆಯನ್ನು ಮೀರಿ ಎಲ್ಲೋ ಹೋಗುತ್ತಿತ್ತು. ನಾಲ್ಕು ಎಂದರೆ ಸರಿಯಾಗಿ ಕೂರುತ್ತಿತ್ತು. ಯಾಕೆ ನಾಲ್ಕು ಅಂದರೆ, ನಾಲ್ಕು ಹಾಕಿದರೆ ಕೂರುತ್ತಿತ್ತು ಅನ್ನುವುದು ಬಿಟ್ಟು ನನ್ನ ಹತ್ತಿರ ಉತ್ತರ ಇರಲಿಲ್ಲ.

ಎರಡನೆಯ ನಕ್ಷತ್ರಕ್ಕೆ ಅದೇ ಕೋಡ್ ಓಡಿಸಿದಾಗ ನಾಲ್ಕು ಕೂರಲಿಲ್ಲ, ಎರಡೂವರೆಗೆ ಇಳಿಸಬೇಕಾಯಿತು. ಅದು ಮೊದಲನೆಯದಕ್ಕಿಂತ ನಿಧಾನವಾಗಿ ಮಿಡಿಯುವ ನಕ್ಷತ್ರ. ಅದನ್ನು ಗಮನಿಸಿದೆ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ, ಮುಂದೆ ಹೋದೆ. ಪ್ರಬಂಧ ಹೆಚ್ಚುಕಡಿಮೆ ಸಿದ್ಧವಾಗಿತ್ತು. ನನ್ನ ಹುದ್ದೆ ಕರಾರಿನದು. ಅದನ್ನು ಮುಂದುವರಿಸಬೇಕೋ ಬೇಡವೋ ಎಂದು ಮೇ ತಿಂಗಳಲ್ಲಿ ಸಮಿತಿ ಕೂರುವುದಿತ್ತು. ಅದರೊಳಗೆ ಪ್ರಬಂಧ ಹೊರಬಂದರೆ ಒಳ್ಳೆಯದೆಂದು ನಮ್ಮ ಗುಂಪಿನ ಮುಖ್ಯಸ್ಥೆ ಎರಡು ಸಲ ಹೇಳಿದ್ದರು.

ಜನವರಿಯ ಒಂದು ಶನಿವಾರ ನನ್ನ ಗಂಡನ ಗೆಳೆಯರ ಗೃಹಪ್ರವೇಶಕ್ಕೆಂದು ಹ್ಯೂಸ್ಟನ್ನಿನ ಶುಗರ್ ಲ್ಯಾಂಡ್‌ಗೆ ಹೋದೆವು. ಊಟಕ್ಕೆ ನನ್ನ ಪಕ್ಕ ಕೂತವರು ಎಪ್ಪತ್ತು ದಾಟಿದ ಧಾರವಾಡದ ಅಂಕಲ್. ತೆಳ್ಳಗೆ, ನೆಟ್ಟಗೆ ಇದ್ದರು. ಅದೇ ಬೀದಿಯಲ್ಲಿ ಅವರ ಮನೆ.

"ಏನ್ ಕೆಲಸ ಮಾಡತೀರಿ ನೀವು?" ಅಂತ ಕೇಳಿದರು.

ಇಂಥ ಕಡೆ ಈ ಪ್ರಶ್ನೆಗೆ ನನ್ನದು ಒಂದೇ ಸಾಲಿನ ಉತ್ತರ. "ನಕ್ಷತ್ರಗಳ ಸುತ್ತ ಧೂಳು ಹೇಗೆ ಆಗತ್ತೆ ಅಂತ ಸ್ಟಡಿ ಮಾಡ್ತೀನಿ ಅಂಕಲ್." ಸಾಮಾನ್ಯವಾಗಿ ಇಲ್ಲಿಗೆ ಮಾತು ಮುಗಿದು ಮಕ್ಕಳ ಸ್ಕೂಲಿಗೆ ಹೊರಳುತ್ತದೆ.

"ಎಂಥಾ ಧೂಳು?"

"ಕಾರ್ಬನ್. ಅಸಿಟಿಲಿನ್‌ನಿಂದ ಆಗತ್ತೆ."

ಅವರು ಪಾಯಸದ ಬಟ್ಟಲು ಕೆಳಗಿಟ್ಟರು. "ಅಂದ್ರ ಮಸಿ ಅನ್ರಿ."

ಅವರು ಟೈರಿಗೆ ಬೆರೆಸುವ ಕಾರ್ಬನ್ ಬ್ಲ್ಯಾಕ್ ತಯಾರಿಸುವ ಕಾರ್ಖಾನೆಗಳಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಎಣ್ಣೆಯನ್ನು ಉರಿಯೊಳಗೆ ಚಿಮ್ಮಿಸಿ, ಮಸಿ ಹುಟ್ಟಿಸಿ, ಬೇಕಾದ ಗಾತ್ರಕ್ಕೆ ಬಂದ ಕ್ಷಣ ನೀರು ಸಿಂಪಡಿಸಿ ನಿಲ್ಲಿಸುವುದು ಅವರ ಕಸುಬು. ಊಟ ಮುಗಿದು ಕೈ ತೊಳೆದ ಮೇಲೂ ಅವರು ನನ್ನನ್ನು ಬಿಡಲಿಲ್ಲ.

"ನಿಮ್ಮ ನಕ್ಷತ್ರದೊಳಗ ಒಂದು ಕಣ ಎಷ್ಟು ಹೊತ್ತು ಬಿಸಿಯೊಳಗ ಇರತದ?"

"ಒಂದು ವರ್ಷ ಅಂದ್ಕೊಳ್ಳಿ. ಕೆಲವು ಸಲ ಜಾಸ್ತಿ. ಮೇಲೆ ಹೋದ ಗ್ಯಾಸ್ ಒಂದಷ್ಟು ವಾಪಸ್ ಬೀಳತ್ತೆ, ಮತ್ತೆ ಕಾಯತ್ತೆ, ಮತ್ತೆ ಮೇಲೆ ಹೋಗತ್ತೆ."

"ನಮ್ಮಲ್ಲಿ ಒಂದು ಸೆಕೆಂಡಿನ ನೂರನೇ ಪಾಲು ಸೈತ ಇರೂದಿಲ್ಲ," ಎಂದು ಸ್ವಲ್ಪ ಯೋಚಿಸಿದರು. "ಮತ್ತ ಆ ವರ್ಷಪೂರ್ತಿ ಕಣ ಒಂದ ಥರಾ ಅಂಟಿಸ್ಕೋತದೇನು?"

ನಾನು 0.4ರ ಬಗ್ಗೆ ಹೇಳಿದೆ. ಅವರು ತಲೆ ಅಲ್ಲಾಡಿಸಿದರು.

"ಹಂಗಾಗೂದಿಲ್ಲರಿ. ಈಗಷ್ಟ ಹುಟ್ಟಿದ ಮಸಿ ಭಾಳ ಹಸದಿರತದ. ಸಿಕ್ಕಿದ್ದೆಲ್ಲಾ ಮೈಗೆ ಹಚ್ಕೋತದ. ಕಾದು ಕಾದು ಗಟ್ಟಿ ಆತಂದ್ರ ಅದರ ಮೈಗೆ ಏನೂ ಹತ್ತೂದಿಲ್ಲ. ಮಸಿಗೂ ವಯಸ್ಸಾಗತದ. ನೀವು ವಯಸ್ಸು ಹಿಡದಿಲ್ಲ."

ದಹನದ ಕ್ಷೇತ್ರದಲ್ಲಿ ಇದು ತಿಳಿದ ಸಂಗತಿ ಎಂದು ಆಮೇಲೆ ಓದಿ ತಿಳಿದುಕೊಂಡೆ. ಮಸಿಯ ಮೇಲ್ಮೈಯಲ್ಲಿ ಅಣುಗಳು ಹಿಡಿದುಕೊಳ್ಳಲು ಒಂದಷ್ಟು ತೆರೆದ ಜಾಗಗಳಿರುತ್ತವೆ. ಬಿಸಿಯಲ್ಲಿ ಇದ್ದಷ್ಟೂ ಅವು ಮುಚ್ಚಿಕೊಳ್ಳುತ್ತವೆ. ನಮ್ಮ ಗುಂಪಿನಲ್ಲಿ ಯಾರೂ ಆ ಕಡೆಯ ಪತ್ರಿಕೆಗಳನ್ನು ಓದುತ್ತಿರಲಿಲ್ಲ. ಆದರೆ ಆ ಮಧ್ಯಾಹ್ನ, ಹೊಸ ಮನೆಯ ಗ್ಯಾರೇಜಿನಲ್ಲಿ ಮಡಚುವ ಕುರ್ಚಿಯ ಮೇಲೆ ಕೂತಿದ್ದಾಗಲೇ, ನಾನು ನೋಟ್‌ಬುಕ್ಕಿನಲ್ಲಿ ಬರೆದು ಮರೆತಿದ್ದ ಸಾಲಿನ ಅರ್ಥ ಹೊಳೆಯಿತು. ನಿಧಾನ ಮಿಡಿಯುವ ನಕ್ಷತ್ರದಲ್ಲಿ ಕಣ ಹೆಚ್ಚು ಕಾಲ ಬೇಯುತ್ತದೆ. ಅದಕ್ಕೇ ಅಲ್ಲಿ ಚಿಕ್ಕ ಸಂಖ್ಯೆ ಬೇಕಾಗಿತ್ತು. ನಾನು ಎರಡು ನಕ್ಷತ್ರಗಳಿಗೆ ಎರಡು ಸಂಖ್ಯೆ ಹಾಕಿ, ಕಣದ ವಯಸ್ಸನ್ನು ಅದರೊಳಗೆ ಬಚ್ಚಿಟ್ಟಿದ್ದೆ.

ಆಸ್ಟಿನ್‌ಗೆ ವಾಪಸ್ ಬರುವಾಗ ಗಂಡ ಡ್ರೈವ್ ಮಾಡುತ್ತಿದ್ದ. ನಾನು ಮಸಿಯ ವಿಚಾರವನ್ನೆಲ್ಲ ಅವನಿಗೆ ಹೇಳಿದೆ. ಹಿಂದಿನ ಸೀಟಿನಿಂದ ಮಗಳು ಕೇಳಿದಳು, "ಅಮ್ಮಾ, ಸೋ ಆಲ್ ದಿಸ್ ಟೈಮ್ ಇಟ್ ವಾಸ್ ಜಸ್ಟ್ ಸೂಟ್?"

"ಹೌದು, ಮಸಿನೇ."

"ಓಕೆ," ಅಂದಳು, ಯಾವುದೋ ಅನುಮಾನ ಬಗೆಹರಿದ ಹಾಗೆ.

ಸೋಮವಾರ ಬೆಳಿಗ್ಗೆ ಮುಖ್ಯಸ್ಥೆಯ ಕೋಣೆಗೆ ಹೋಗಿ ಪ್ರಬಂಧ ಕಳಿಸುವುದು ಬೇಡ ಎಂದೆ. ಅವರು ಇದೇ ಕೆಲಸದಲ್ಲಿ ಕೂದಲು ನರೆಸಿಕೊಂಡವರು. ಪೂರ್ತಿ ಕೇಳಿಸಿಕೊಂಡರು.

"ನಿನ್ನ ಲೆಕ್ಕದ ಗೆರೆ ಅಳತೆಯ ಮೇಲೆ ಸರಿಯಾಗಿ ಕೂತಿದೆಯಲ್ಲ," ಎಂದರು.

"ನಾನು ಕೂರಿಸಿದ್ದಕ್ಕೆ ಕೂತಿದೆ."

"ಎಲ್ಲರೂ ಹೀಗೇ ಮಾಡುತ್ತಾರೆ. ಆ ಸಂಖ್ಯೆ ಊಹೆ ಎಂದು ಒಂದು ಸಾಲು ಬರೆದು ಕಳಿಸಬಹುದು. ವಯಸ್ಸಿನ ವಿಚಾರ ಮುಂದಿನ ಪ್ರಬಂಧಕ್ಕೆ ಇಟ್ಟುಕೋ. ಮೇ ತಿಂಗಳು ದೂರ ಇಲ್ಲ."

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನನ್ನ ಒಳ್ಳೆಯದಕ್ಕೇ ಹೇಳಿದ್ದರು. ಆದರೆ ಯಾವುದು ತಪ್ಪು ಎಂದು ಈಗ ನನಗೆ ಗೊತ್ತಿತ್ತು. ಗೊತ್ತಿದ್ದೂ ಅದನ್ನು ಊಹೆ ಎಂದು ಬರೆಯುವುದು ಹೇಗೆ? ನಾನು ಒಂದು ಷರತ್ತು ಮುಂದಿಟ್ಟೆ. ನಾನು ಇನ್ನೂ ನೋಡಿರದ ಐದು ನಕ್ಷತ್ರಗಳನ್ನು ಅವರೇ ಆರಿಸಲಿ. ಅವುಗಳ ಹೊಳಪು, ಬಿಸಿ, ಮಿಡಿತದ ಅವಧಿ ಮಾತ್ರ ನನಗೆ ಕೊಡಲಿ. ಗಾಳಿಯ ವೇಗ ಅವರ ಹತ್ತಿರವೇ ಇರಲಿ. ಹೊಸ ಮಾಡೆಲ್‌ನಲ್ಲಿ ನಾನು ನನ್ನಿಷ್ಟಕ್ಕೆ ಬದಲಿಸಬಹುದಾದ ಸಂಖ್ಯೆ ಒಂದೂ ಇರುವುದಿಲ್ಲ. ಐದಕ್ಕೂ ವೇಗ ಬರೆದು ಕೊಡುತ್ತೇನೆ, ಆಮೇಲೆ ತೆರೆದು ನೋಡೋಣ.

ಅವರು ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದರು. "ಏಪ್ರಿಲ್ ಕೊನೆ," ಎಂದರು. "ಅಲ್ಲಿಯವರೆಗೆ."

ಮೊದಲ ಐದು ವಾರ ಕೋಡ್ ಬರೆಯುವುದರಲ್ಲೇ ಹೋಯಿತು. ಹಳೆಯ ಮಾಡೆಲ್ ಕಣಗಳ ಸರಾಸರಿ ಗಾತ್ರವನ್ನಷ್ಟೇ ಹಿಡಿದಿಡುತ್ತಿತ್ತು. ಅದರಲ್ಲಿ ಎಳೆಯ ಕಣ, ಹಳೆಯ ಕಣ ಎಂಬ ಭೇದ ಇರಲಿಲ್ಲ. ಈಗ ಅನಿಲದ ಪ್ರತಿ ಪದರದಲ್ಲೂ ಕಣಗಳನ್ನು ಹುಟ್ಟಿದ ಕಾಲಕ್ಕೆ ತಕ್ಕಂತೆ ಗುಂಪು ಮಾಡಿ, ಪ್ರತಿ ಗುಂಪು ಎಷ್ಟು ಬಿಸಿಯಲ್ಲಿ ಎಷ್ಟು ದಿನ ಕಳೆಯಿತು ಎಂಬುದನ್ನು ಹಿಂಬಾಲಿಸಬೇಕಾಯಿತು. ಒಂದು ದಿನದಲ್ಲಿ ಮುಗಿಯುತ್ತಿದ್ದ ಲೆಕ್ಕ ವಾರ ತೆಗೆದುಕೊಳ್ಳತೊಡಗಿತು. ಗುಂಪುಗಳನ್ನು ಕಡಿಮೆ ಮಾಡಿದೆ, ತೀರಾ ಸಣ್ಣ ಗುಂಪುಗಳನ್ನು ಪಕ್ಕದ್ದಕ್ಕೆ ಸೇರಿಸಿದೆ, ಎರಡು ದಿನಕ್ಕೆ ಇಳಿಸಿದೆ.

ಮಸಿ ಎಷ್ಟು ಬೇಗ ಮುಪ್ಪಾಗುತ್ತದೆ ಎಂಬ ಲೆಕ್ಕವನ್ನು ಜ್ವಾಲೆಗಳ ಮೇಲೆ ಬೇರೆಯವರು ಮಾಡಿದ್ದ ಪ್ರಯೋಗಗಳಿಂದ ತೆಗೆದುಕೊಂಡೆ. ಮೊದಲನೆಯ ನಕ್ಷತ್ರಕ್ಕೇ ಓಡಿಸಿದೆ. ಗಾಳಿ ಬರಲೇ ಇಲ್ಲ. ಅನಿಲ ಮೇಲೇರಿತು, ಮಸಿ ಹುಟ್ಟಿತು, ತುಸು ಬೆಳೆಯಿತು, ಅಷ್ಟರಲ್ಲೇ ಮುದಿಯಾಗಿ ಬೆಳವಣಿಗೆ ನಿಂತಿತು. ಬೆಳಕು ತಳ್ಳುವಷ್ಟು ಗಾತ್ರವೇ ಅದಕ್ಕಿರಲಿಲ್ಲ. ಅನಿಲ ಮತ್ತೆ ಕೆಳಗೆ ಬಿತ್ತು. ಪರದೆಯ ಮೇಲೆ ನಲವತ್ತು ಮಿಡಿತ ನೋಡಿದೆ. ನಲವತ್ತು ಸಲವೂ ಏರಿತು, ಬಿತ್ತು.

ಶುಗರ್ ಲ್ಯಾಂಡಿನ ಅಂಕಲ್‌ಗೆ ಫೋನ್ ಮಾಡಿದೆ.

"ಯಾವ ಬಿಸಿಯೊಳಗಿನ ಲೆಕ್ಕ ತಗೊಂಡೀರಿ?"

"ಪ್ರಯೋಗ ಎಲ್ಲಾ ಸಾವಿರದ ಎಂಟುನೂರು ಡಿಗ್ರಿ ಆಸುಪಾಸು. ನನಗೆ ಬೇಕಾಗಿರೋದು ಸಾವಿರದಿಂದ ಸಾವಿರದ ನಾನೂರು. ಅದೇ ಗೆರೆನ ಕೆಳಗಡೆಗೆ ಎಳ್ಕೊಂಡೆ."

"ನಮ್ಮ ಭಟ್ಟಿ ಲೆಕ್ಕ ನಿಮ್ಮ ನಕ್ಷತ್ರಕ್ಕ ಹಚ್ಚಿದ್ರ ಹೆಂಗವಾ?" ಅಷ್ಟರಲ್ಲಿ ಅವರು ನನ್ನನ್ನು ಬಹುವಚನದಿಂದ ಏಕವಚನಕ್ಕೂ, ಮತ್ತೆ ಬಹುವಚನಕ್ಕೂ ಬದಲಿಸುತ್ತಿದ್ದರು. "ಕಡಿಮಿ ಬಿಸಿಯೊಳಗ ಏನಾಗತದ ಅಂತ ಯಾರರೆ ತೂಗಿ ನೋಡ್ಯಾರೇನು?"

ಯಾರೂ ನೋಡಿರಲಿಲ್ಲ, ಅಥವಾ ನನಗೆ ಸಿಗಲಿಲ್ಲ. ನಾನು ಪ್ರಯೋಗ ಮಾಡುವವಳಲ್ಲ. ಹದಿನೈದು ವರ್ಷದಿಂದ ಕೀಬೋರ್ಡ್ ಬಿಟ್ಟು ಬೇರೇನೂ ಮುಟ್ಟಿದವಳಲ್ಲ. ಡಾಲಸ್‌ನ ಒಂದು ರಸಾಯನ ಪ್ರಯೋಗಾಲಯದಲ್ಲಿ ಕುಲುಮೆಯೊಳಗೇ ತೂಕ ತೋರಿಸುವ ತಕ್ಕಡಿ ಇದೆ ಎಂದು ಗೊತ್ತಾಯಿತು. ಅದನ್ನು ನಡೆಸುವ ವಿಜ್ಞಾನಿ ಟೆಕ್ಸಸ್ಸಿನ ಹೆಂಗಸು, ಹೆಚ್ಚು ಮಾತಿನವರಲ್ಲ. ಮಾರ್ಚ್ ಇಡೀ ಕುಲುಮೆ ಖಾಲಿ, ಏಪ್ರಿಲ್ ಒಂದರಿಂದ ಬೇರೆಯವರಿಗೆ ಎಂದು ಪತ್ರ ಬರೆದರು. ನಾನು ಅವತ್ತೇ ಒಪ್ಪಿಕೊಂಡೆ.

ವಾರದಲ್ಲಿ ಮೂರು ದಿನ ಡಾಲಸ್, ನಾಲ್ಕು ದಿನ ಆಸ್ಟಿನ್ ಎಂದಾಯಿತು. ಬೆಳಿಗ್ಗೆ ಐದಕ್ಕೆ ಹೊರಟರೆ ಜಾರ್ಜ್‌ಟೌನ್ ದಾಟುವವರೆಗೂ ರಸ್ತೆ ಖಾಲಿ.

ಮೊದಲ ವಾರ ಕೆಲಸ ಸರಳವಾಗಿ ಕಂಡಿತು. ಮಸಿ ತಯಾರಿಸಿ ಸೀಸೆಯಲ್ಲಿ ಹಾಕಿಡುವುದು. ಒಂದೊಂದು ಚಿಟಿಕೆ ತೆಗೆದು ಕುಲುಮೆಯ ತಕ್ಕಡಿಯಲ್ಲಿಟ್ಟು ಇಂತಿಷ್ಟು ಬಿಸಿಯಲ್ಲಿ ಇಂತಿಷ್ಟು ಗಂಟೆ ಬೇಯಿಸುವುದು. ಆಮೇಲೆ ಅಸಿಟಿಲಿನ್ ಬಿಟ್ಟು ತೂಕ ಎಷ್ಟು ಬೇಗ ಏರುತ್ತದೆ ನೋಡುವುದು. ಬೇಗ ಏರಿದರೆ ಮಸಿ ಇನ್ನೂ ಎಳೆಯದು, ನಿಧಾನವಾದರೆ ಮುದಿ. ಆದರೆ ತೂಕ ಏರಲಿಲ್ಲ, ಇಳಿಯಿತು. ಎರಡನೆಯ ಚಿಟಿಕೆಯೂ ಇಳಿಯಿತು. ಆರು ದಿನದ ಕೆಲಸದಲ್ಲಿ ಒಂದಕ್ಕೊಂದು ಹೊಂದುವ ಎರಡು ಅಂಕಿ ಸಿಗಲಿಲ್ಲ.

ಪ್ರಯೋಗಾಲಯದಿಂದಲೇ ಅಂಕಲ್‌ಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದೆ.

"ಸೀಸೆ ತೆಗೆದ್ರೇನು?" ಅಂದರು.

"ತೆಗೀದೆ ಹೇಗೆ ಅಂಕಲ್, ಸ್ಯಾಂಪಲ್ ತಗೋಬೇಕಲ್ಲ."

"ಅಲ್ಲೇ ಕೆಟ್ಟದ್ದು. ಮಸಿ ಗಾಳಿಯೊಳಗಿನ ನೀರು ಕುಡೀತದ. ನೀವು ಕಾಯಿಸಿದಾಗ ಆ ನೀರು ಹೋಗತದ, ತೂಕ ಇಳೀತದ. ನೀರಷ್ಟ ಆದ್ರ ಒಣಗಿಸಬಹುದು. ಆದ್ರ ಆಕ್ಸಿಜನ್ನೂ ಬಂದು ಕುಂತಿರತದ, ಅಂಟೂ ಜಾಗಾದೊಳಗ. ನೀವು ಮುಪ್ಪು ಅಳೀಬೇಕಂದ್ರ ಹುಟ್ಟೂದು, ಬೇಯೂದು, ಉಣ್ಣೂದು, ಎಲ್ಲಾ ಒಂದ ಕೊಳವಿಯೊಳಗ ಆಗಬೇಕು. ನಡುವ ಗಾಳಿ ತಾಗಬಾರದು."

ನಾನು ಇಂಗ್ಲಿಷಿನಲ್ಲಿ ಹೇಳಿದಾಗ ಪ್ರಯೋಗಾಲಯದ ವಿಜ್ಞಾನಿ ಕೈಕಟ್ಟಿ ಕುಲುಮೆಯನ್ನೇ ನೋಡಿದರು. "ಅವರು ಹೇಳುವುದು ಸರಿ," ಎಂದರು. "ಆದರೆ ಕೊಳವೆ ಬದಲಿಸಲು ಹತ್ತು ದಿನ ಬೇಕು. ಉಳಿಯುವುದು ಒಂದೇ ವಾರ. ಇಲ್ಲದಿದ್ದರೆ ಈಗಿನ ರೀತಿಯಲ್ಲೇ ಇನ್ನೂ ಎರಡೂವರೆ ವಾರ ಅಳೆದು ಸರಾಸರಿ ತೆಗೆಯಬಹುದು. ಆಯ್ಕೆ ನಿನ್ನದು."

ಕೆಟ್ಟ ಅಳತೆಯನ್ನು ಎರಡೂವರೆ ವಾರ ಮಾಡಿದರೂ ಅದು ಕೆಟ್ಟ ಅಳತೆಯೇ. ಕೊಳವೆ ಬದಲಿಸೋಣ ಎಂದೆ. ಆ ದಿನ ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅನುಮಾನ ಇರಲಿಲ್ಲ.

ಕೊಳವೆ ಸಿದ್ಧವಾಗುವ ಹೊತ್ತಿಗೆ ಅಂಕಲ್ ತಾವೇ ಬರುತ್ತೇನೆ ಎಂದರು. ಅವರ ಹೆಂಡತಿ, ಅಂದರೆ ಆಂಟಿ, ಅವರನ್ನು ಬಸ್ಸಿಗೆ ಹತ್ತಿಸಿ ನನಗೆ ಫೋನ್ ಮಾಡಿದರು. "ಅಲ್ಲಿ ಊಟಾ ಮರೀತಾರ, ನೆನಪ ಮಾಡವಾ. ಭಟ್ಟಿ ಕಂಡ್ರ ಇವರಿಗೆ ಬ್ಯಾರೆ ಏನೂ ಕಾಣಸೂದಿಲ್ಲ."

ಅವರು ಬಂದು ಮೊದಲು ಮಾಡಿದ್ದು, ಕುಲುಮೆಯ ಸುತ್ತ ಒಂದು ಸುತ್ತು ಬಂದದ್ದು. ಕೊಳವೆಯ ಒಂದು ತುದಿಯಲ್ಲಿ ಅಸಿಟಿಲಿನ್ ಒಡೆದು ಮಸಿಯಾಗಬೇಕು, ಮಸಿ ತಕ್ಕಡಿಯ ತಟ್ಟೆಯ ಮೇಲೆ ಬಂದು ಕೂರಬೇಕು. ಹುಟ್ಟಿದ ಕೂಡಲೇ ತಣಿಸದಿದ್ದರೆ ತಟ್ಟೆ ತಲುಪುವ ಮೊದಲೇ ಮುದಿಯಾಗುತ್ತದೆ. ತಣ್ಣನೆಯ ಆರ್ಗಾನ್ ಅನಿಲವನ್ನು ಎಲ್ಲಿ ಬಿಡಬೇಕು ಎಂಬುದರ ಮೇಲೆ ಎಲ್ಲ ನಿಂತಿತ್ತು. ನಾವು ಗುರುತು ಮಾಡಿದ್ದ ಜಾಗದಿಂದ ನಾಲ್ಕು ಬೆರಳು ಹಿಂದಕ್ಕೆ ತೋರಿಸಿದರು. ಮೊದಲ ಮಸಿ ಬಂದಾಗ ಪರೀಕ್ಷೆಗೆಂದೇ ಒಂದಿಷ್ಟು ತೆಗೆಸಿ, ಗಾಜಿನ ನಳಿಕೆಯಲ್ಲಿ ಟೊಲ್ಯೂಯಿನ್ ಎಂಬ ದ್ರಾವಕ ಹಾಕಿ ಅಲ್ಲಾಡಿಸಿ, ಸೋಸಿ, ಬೆಳಕಿಗೆ ಹಿಡಿದರು. ದ್ರಾವಣ ಜೇನಿನ ಬಣ್ಣಕ್ಕೆ ತಿರುಗಿತ್ತು.

"ನೋಡ್ರಿ, ಹಸಿ ಮಸಿ. ಬೆಂದದ್ದಾದ್ರ ಬಣ್ಣ ಬಿಡೂದಿಲ್ಲ. ಎಲ್ಲಿಂದ ಶುರು ಮಾಡಬೇಕೋ ಅಲ್ಲಿಂದ ಶುರು ಆಗೇದ."

ಪ್ರಯೋಗಾಲಯದ ವಿಜ್ಞಾನಿಗೆ ಮಾತು ಅರ್ಥವಾಗಲಿಲ್ಲ, ನಳಿಕೆ ಅರ್ಥವಾಯಿತು. ಅದನ್ನು ತೆಗೆದುಕೊಂಡು ತಾವೂ ಕಿಟಕಿಯ ಬೆಳಕಿಗೆ ಹಿಡಿದರು. ಅಂದಿನಿಂದ ಯಾವ ಪ್ರಶ್ನೆ ಇದ್ದರೂ ನನ್ನನ್ನು ಬಿಟ್ಟು ಅಂಕಲ್‌ರನ್ನೇ ಕೇಳತೊಡಗಿದರು. ಅಂಕಲ್ ಕಾರ್ಖಾನೆಯ ಇಂಗ್ಲಿಷಿನಲ್ಲಿ, ಅರ್ಧ ಕೈಸನ್ನೆಯಲ್ಲಿ ಉತ್ತರಿಸುತ್ತಿದ್ದರು.

ಆ ಏಳು ದಿನಗಳಲ್ಲಿ ಹತ್ತೊಂಬತ್ತು ಅಳತೆ ಸಿಕ್ಕವು. ಬೆಂದಷ್ಟೂ ಹಸಿವು ಕಡಿಮೆಯಾಗುತ್ತದೆ ಎಂಬುದು ನಿಜವಾಗಿತ್ತು. ಆದರೆ ನನಗೆ ಬೇಕಾದ ಬಿಸಿಯಲ್ಲಿ ಅದು ಸೊನ್ನೆಗೆ ಇಳಿಯುತ್ತಿರಲಿಲ್ಲ. ಮೊದಲು ಬೇಗ ಕುಸಿದು, ಆಮೇಲೆ ಒಂದು ಮಟ್ಟದಲ್ಲಿ ನಿಲ್ಲುತ್ತಿತ್ತು. ಮುದಿ ಮಸಿಯೂ ಸ್ವಲ್ಪ ಉಣ್ಣುತ್ತಲೇ ಇರುತ್ತದೆ. ಜ್ವಾಲೆಯ ಗೆರೆಯನ್ನು ಕೆಳಗೆ ಎಳೆದಾಗ ನಾನು ಕಳೆದುಕೊಂಡದ್ದು ಆ ಸ್ವಲ್ಪವನ್ನು. ಅದನ್ನು ಹಾಕಿ ಮೊದಲನೆಯ ನಕ್ಷತ್ರಕ್ಕೆ ಓಡಿಸಿದೆ. ಮೂರನೆಯ ಮಿಡಿತಕ್ಕೆ ಅನಿಲ ಏರಿತು, ಅರ್ಧ ಇಳಿಯಿತು, ಮುಂದಿನ ಮಿಡಿತಕ್ಕೆ ಎದ್ದದ್ದು ಮತ್ತೆ ಬೀಳಲಿಲ್ಲ. ಗಾಳಿ ಬಂದಿತ್ತು. ಕಚೇರಿಯಲ್ಲಿ ನಾನೊಬ್ಬಳೇ ಇದ್ದೆ. ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದು ಮತ್ತೊಮ್ಮೆ ನೋಡಿದೆ. ಬಿದ್ದಿರಲಿಲ್ಲ.

ಐದು ನಕ್ಷತ್ರಗಳ ಲೆಕ್ಕ ಏಪ್ರಿಲ್ ಇಪ್ಪತ್ತಾರಕ್ಕೆ ಮುಗಿಯಿತು. ಐದು ವೇಗಗಳನ್ನು ಒಂದು ಹಾಳೆಯಲ್ಲಿ ಅಚ್ಚು ಮಾಡಿ, ಕೆಳಗೆ ಸಹಿ ಹಾಕಿ ಮುಖ್ಯಸ್ಥೆಗೆ ಕೊಟ್ಟೆ. ಮರುದಿನ ಮಧ್ಯಾಹ್ನ ಸಭೆ. ಅಂಕಲ್‌ರನ್ನೂ ಕರೆದಿದ್ದೆ, ಆಂಟಿಯೇ ಡ್ರೈವ್ ಮಾಡಿಕೊಂಡು ಕರೆತಂದರು. ಪ್ರಬಂಧದಲ್ಲಿ ಅವರ ಹೆಸರು ಇರುತ್ತದೆ ಎಂದು ಹೇಳಿದ್ದಕ್ಕೆ, ತಮಗೆ ನಕ್ಷತ್ರದ ಬಗ್ಗೆ ಏನೂ ಗೊತ್ತಿಲ್ಲ ಎಂದು ಎರಡು ಸಲ ಬೇಡವೆಂದು, ಮೂರನೆಯ ಸಲ ಹೆಸರನ್ನು ಹೇಗೆ ಬರೆಯಬೇಕೆಂದು ತಿದ್ದಿ ಕೊಟ್ಟಿದ್ದರು.

ಮುಖ್ಯಸ್ಥೆ ತಮ್ಮ ಫೈಲ್ ತೆರೆದು ಒಂದೊಂದಾಗಿ ಓದಿದರು. ಮೊದಲನೆಯದು ಹೊಂದಿತು. ಎರಡನೆಯದು ಹೊಂದಿತು. ಮೂರನೆಯದು ಸ್ವಲ್ಪ ಆಚೀಚೆ, ಆದರೆ ಅಳತೆಯ ತಪ್ಪಿನ ಮಿತಿಯೊಳಗೆ. ನಾಲ್ಕನೆಯದು ಹೊಂದಿತು. ಐದನೆಯದನ್ನು ಓದುವ ಮೊದಲು ಅವರು ಕನ್ನಡಕ ತೆಗೆದು ನನ್ನ ಕಡೆ ನೋಡಿದ್ದರಿಂದಲೇ ನನಗೆ ಗೊತ್ತಾಯಿತು. ಅದು ಹತ್ತಿರವೂ ಇರಲಿಲ್ಲ. ಅಳತೆಯ ವೇಗ ನಾನು ಬರೆದದ್ದರ ಅರ್ಧವೂ ಇರಲಿಲ್ಲ.

"ಈ ಒಂದನ್ನು ಬಿಟ್ಟು ನಾಲ್ಕನ್ನೇ ಪ್ರಕಟಿಸಿದರೂ ಒಳ್ಳೆಯ ಪ್ರಬಂಧವೇ," ಎಂದ ಪಕ್ಕದ ಕೋಣೆಯ ಸಹೋದ್ಯೋಗಿ.

"ಐದೂ ಹೋಗುತ್ತವೆ," ಎಂದೆ. "ಐದನೆಯದು ತಪ್ಪು ಎಂದು ಬರೆದೇ ಹೋಗುತ್ತದೆ."

ಮುಖ್ಯಸ್ಥೆ ನನ್ನ ಸಹಿಯಿದ್ದ ಹಾಳೆಯ ಮೇಲೆ ಐದನೆಯ ಸಾಲಿನ ಪಕ್ಕ ಅಳತೆಯ ವೇಗವನ್ನು ಪೆನ್ನಿನಲ್ಲಿ ಬರೆದರು. "ಸಮಿತಿಗೆ ಈ ಹಾಳೆಯನ್ನೇ ಕಳಿಸುತ್ತೇನೆ," ಎಂದರು. "ಹೀಗೇ." ಮೇ ತಿಂಗಳಲ್ಲಿ ಸಮಿತಿ ನನ್ನ ಕರಾರನ್ನು ಮೂರು ವರ್ಷ ಮುಂದುವರಿಸಿತು.

ಆ ಮಧ್ಯಾಹ್ನ ಸಭೆ ಮುಗಿದು ಎಲ್ಲರೂ ಎದ್ದ ಮೇಲೂ ಅಂಕಲ್ ಕೂತೇ ಇದ್ದರು. ಅವರಿಗೆ ಬೇಸರವಾಯಿತೇನೋ ಎಂದು ಹತ್ತಿರ ಹೋದೆ.

"ನಾಲ್ಕು ಬಂತಲ್ಲ ಅಂಕಲ್. ಒಂದು ಹೋಯ್ತು, ಪರವಾಗಿಲ್ಲ."

"ಹೋದದ್ದ ಛಲೋ ಆತು," ಅಂದರು. "ಐದಕ್ಕ ಐದು ಬಂದಿದ್ರ ನಾ ನಂಬತಿರಲಿಲ್ಲ." ಆಮೇಲೆ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡು, ಜೇಬಿನಿಂದ ಪೆನ್ ತೆಗೆದರು. "ಆ ಐದನೇದು ಎಷ್ಟು ದಿನಕ್ಕೊಮ್ಮೆ ಮಿಡೀತದ, ಹೇಳವಾ."